ಎಡಕ್ಕೆ ತಿರುಗುವ ಬೋಲ್ಟು

ಪಂಕ್ಚರ್ ಅಂಗಡಿಯ ಹುಡುಗ ವೀಲ್ ಪಾನಾಕ್ಕೆ ಉದ್ದದ ಪೈಪು ಸಿಕ್ಕಿಸಿ ಅದರ ತುದಿ ಮೇಲೆ ಹತ್ತಿ ನಿಂತಿದ್ದಾನೆ ಅನ್ನುವುದು ನನಗೆ ಗೊತ್ತಿರಲಿಲ್ಲ. ನಾನು ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಟಣ್ ಅಂತ ಒಂದು ಸದ್ದು ಕೇಳಿಸಿತು. ಲೋಟ ಇಟ್ಟು ಹೊರಗೆ ಬರುವಷ್ಟರಲ್ಲಿ ಇನ್ನೊಂದು ಟಣ್. ನಮ್ಮ ಜೀಪಿನ ಎಡ ಮುಂದಿನ ಚಕ್ರದ ಐದು ಬೋಲ್ಟುಗಳಲ್ಲಿ ಎರಡು ಬುಡದಲ್ಲೇ ಮುರಿದು ನಟ್ಟಿನ ಸಮೇತ ನೆಲದ ಮೇಲೆ ಬಿದ್ದಿದ್ದವು. ಮೂರನೆಯದು ತಿರುಚಿಕೊಂಡು, ಅದರ ಥ್ರೆಡ್ ಎಳೆದುಕೊಂಡು, ನಟ್ಟು ಅತ್ತಲೂ ಬಾರದೆ ಇತ್ತಲೂ ಹೋಗದೆ ನಿಂತಿತ್ತು.

"ಸಿಕ್ಕಾಪಟ್ಟೆ ಜಾಮಾಗಿದೆ ಅಣ್ಣ" ಅಂದ ಹುಡುಗ, ಬೆವರು ಒರೆಸಿಕೊಳ್ಳುತ್ತಾ.

ಜಾಮ್ ಆಗಿರಲಿಲ್ಲ. ಅವನು ಬಿಚ್ಚುತ್ತೇನೆ ಅಂದುಕೊಂಡು ಬಿಗಿ ಮಾಡುತ್ತಿದ್ದ. ಆ ಜೀಪಿನ ಎಡಗಡೆಯ ಎರಡೂ ಚಕ್ರಗಳ ಬೋಲ್ಟು ಎಡಗೈ ಥ್ರೆಡ್ಡಿನವು. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತವೆ, ಎಡಕ್ಕೆ ತಿರುಗಿಸಿದರೆ ಕೂರುತ್ತವೆ. ಇಪ್ಪತ್ತು ವರ್ಷ ದಾಟದ ಆ ಹುಡುಗನ ಕೈಗೆ ಅಂಥ ಗಾಡಿ ಬಂದಿದ್ದು ಅವತ್ತೇ ಮೊದಲು. ಹೇಳಬೇಕಾದವನು ನಾನು. ಜೀಪು ಹತ್ತುವ ಮುಂಚೆಯೇ ನನಗೆ ಬಾಯಿಪಾಠ ಆಗಿದ್ದ ಮಾತು ಅದು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪಯ್ಯ ನನ್ನ ಕೈಗೆ ಪಾನಾ ಕೊಟ್ಟು, "ಎಡಗಡೆ ಚಕ್ರಕ್ಕೆ ಕೈ ಹಾಕೋ ಮುಂಚೆ ಒಂದು ಗಳಿಗೆ ನಿಲ್ಲು, ಯಾವ ದಿಕ್ಕು ಅಂತ ಯೋಚನೆ ಮಾಡು, ಆಮೇಲೆ ಬಲ ಹಾಕು" ಅಂದಿದ್ದರು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಆ ಮಾತನ್ನು ಇನ್ನೊಬ್ಬರಿಗೆ ದಾಟಿಸದೆ ಕಾಫಿಗೆ ಹೋಗಿದ್ದೆ. ಹುಡುಗನಿಗೆ ಬೈಯಲು ನಾಲಿಗೆ ಬರಲಿಲ್ಲ. ಚಕ್ರದ ಕೆಲಸದ ದುಡ್ಡು ಕೊಟ್ಟು, ಜೀಪಿನ ಮುಂದಿನ ಆಕ್ಸಲ್ ಕೆಳಗೆ ಮರದ ದಿಮ್ಮಿ ಕೊಟ್ಟು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದೆ.

ಮಹೀಂದ್ರದ ಸಿಜೆ 3ಬಿ ಜೀಪು ಅದು. 1947ರಲ್ಲಿ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳ ಬಿಡಿಭಾಗ ತರಿಸಿ ಜೋಡಿಸಲು ಶುರು ಮಾಡಿದ ಕಂಪನಿ, ಅಮೆರಿಕದಲ್ಲಿ ಆ ಮಾಡೆಲ್ ನಿಂತ ಮೇಲೂ ಬಹಳ ಕಾಲ ಇಲ್ಲಿ ತಯಾರಿಸಿತು. ಬಾನೆಟ್ ಎತ್ತರಕ್ಕಿರುವುದನ್ನು ನೋಡಿಯೇ ಈ ಮಾಡೆಲ್ ಗುರುತು ಹಿಡಿಯಬಹುದು. ಇದರಲ್ಲಿರುವ ಹರಿಕೇನ್ ಅನ್ನುವ ಎಂಜಿನ್ನಿನ ಇನ್‌ಲೆಟ್ ವಾಲ್ವ್ ಮೇಲೆ, ಎಕ್ಸಾಸ್ಟ್ ವಾಲ್ವ್ ಪಕ್ಕದಲ್ಲಿ. ಎಂಜಿನ್ ಎತ್ತರವಾದ್ದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ನಮ್ಮ ಕಡೆ ಹೆಚ್ಚಿನವರು ಆ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿಬಿಟ್ಟಿದ್ದಾರೆ. ಅಪ್ಪಯ್ಯ ಇಳಿಸಲಿಲ್ಲ. ತೀರ್ಥಹಳ್ಳಿ ಕಡೆಯ ಮಳೆಗಾಲ ನೋಡಿದವರಿಗೆ ಆ ಗಾಡಿ ನಮಗೇನು ಅನ್ನುವುದು ಗೊತ್ತಾಗುತ್ತದೆ. ಅಡಿಕೆ, ಗೊಬ್ಬರ, ಕೊಟ್ಟಿಗೆಗೆ ಹುಲ್ಲು ಎಲ್ಲ ಹೊತ್ತಿದೆ. ನನ್ನ ತಂಗಿ ಹುಟ್ಟುವ ರಾತ್ರಿ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೂ ಅದರಲ್ಲೇ, ಹಳ್ಳ ದಾಟಿಸಿಕೊಂಡು.

ಮಾರನೇ ದಿನ ಅಪ್ಪಯ್ಯನೇ ಬಂದರು. ಎಂಬತ್ತು ದಾಟಿದೆ, ಆದರೂ ಪಾನಾ ಹಿಡಿದರೆ ಕೈ ನಡುಗುವುದಿಲ್ಲ. ಉಳಿದ ಎರಡು ನಟ್ಟನ್ನು ಬಲಕ್ಕೆ ತಿರುಗಿಸಿದರು, ಸುಲಭವಾಗಿ ಬಂದವು. ಸಿಕ್ಕಿಕೊಂಡಿದ್ದ ನಟ್ಟನ್ನು ಉಳಿಯಿಂದ ಸೀಳಿ ತೆಗೆದೆವು. ಡ್ರೈವ್ ಫ್ಲಾಂಜಿನ ಆರು ಬೋಲ್ಟು ಬಿಚ್ಚಿ, ಒಳಗಿನ ಲಾಕ್ ನಟ್ಟು, ವಾಷರು ತೆಗೆದು, ಬ್ರೇಕ್ ಡ್ರಮ್ ಸಮೇತ ಹಬ್ಬನ್ನು, ಅಂದರೆ ಬೋಲ್ಟುಗಳು ಕೂತಿರುವ ಚಕ್ರದ ನಡುಭಾಗವನ್ನು, ಹೊರಗೆಳೆದೆವು. ಗ್ರೀಸು ಒರೆಸಿ ಗೋಣಿಚೀಲಕ್ಕೆ ಹಾಕಿದೆ.

ಶಿವಮೊಗ್ಗದ ಮೂರು ಸ್ಪೇರ್ಸ್ ಅಂಗಡಿಗೆ ಫೋನು ಮಾಡಿದ್ದೆ. ಇದ್ದಿದ್ದೆಲ್ಲ ಬಲಗೈ ಥ್ರೆಡ್ಡಿನದೇ. "ಈಗ ಯಾರು ಲೆಫ್ಟ್ ಹಾಕ್ತಾರೆ ಸಾರ್, ಎಲ್ಲರೂ ರೈಟಿಗೆ ಬದಲಾಯಿಸಿಕೊಂಡಿದ್ದಾರೆ, ಮುರಿದಿರೋ ಮೂರಕ್ಕೆ ರೈಟ್ ಹಾಕಿ ಓಡಿಸಿ" ಅಂದರು ಒಬ್ಬರು. ಒಂದೇ ಚಕ್ರದಲ್ಲಿ ಮೂರು ಬಲಕ್ಕೆ, ಎರಡು ಎಡಕ್ಕೆ! ಆಗುಂಬೆ ದಾರಿಯಲ್ಲಿ ಕತ್ತಲಲ್ಲಿ, ಮಳೆಯಲ್ಲಿ ಪಂಕ್ಚರ್ ಆದರೆ ಯಾರು ಬಿಚ್ಚುತ್ತಾರೋ, ಯಾವುದನ್ನು ಯಾವ ಕಡೆಗೆ ತಿರುಗಿಸುತ್ತಾರೋ. ಐದಕ್ಕೂ ಬಲಗೈ ಹಾಕಿದರೆ ಗಾಡಿ ಓಡುತ್ತದೆ, ನಿಜ. ಕೋನ್ ಆಕಾರದ ನಟ್ಟು ಚಕ್ರದ ತೂತಿನಲ್ಲಿ ಬಿಗಿಯಾಗಿ ಕೂತಿದ್ದರೆ ಯಾವ ಥ್ರೆಡ್ಡಾದರೂ ನಡೆಯುತ್ತದೆ. ಹೊಸ ಗಾಡಿಗಳಲ್ಲಿ ಎರಡೂ ಕಡೆ ಬಲಗೈಯೇ ಇರುವುದು ಅದಕ್ಕೇ. ಆದರೆ ಹಿಂದಿನ ಎಡ ಚಕ್ರದಲ್ಲಿ ಇನ್ನೂ ಎಡಗೈ ಬೋಲ್ಟೇ ಇದೆಯಲ್ಲ. ಒಂದೇ ಪಕ್ಕದ ಎರಡು ಚಕ್ರಕ್ಕೆ ಎರಡು ಕಾನೂನು ಆಗುತ್ತದೆ. ಅಪ್ಪಯ್ಯ ನನ್ನ ಮಾತೆಲ್ಲ ಕೇಳಿ, "ಭದ್ರಾವತಿಗೆ ಹೋಗು" ಅಂದರು. ಅಷ್ಟೇ.

ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಶಿವಮೊಗ್ಗ, ಅಲ್ಲಿಂದ ಇನ್ನೊಂದು ಬಸ್ಸು. ಗೋಣಿಚೀಲವನ್ನು ಡ್ರೈವರಿನ ಹಿಂದಿನ ಸೀಟಿನಡಿ ಇಟ್ಟು, ತಿರುವು ಬಂದಾಗೆಲ್ಲ ಅದು ಜಾರದಂತೆ ಕಾಲಿನಲ್ಲಿ ಒತ್ತಿ ಹಿಡಿದು ಕೂತಿದ್ದೆ.

ಭದ್ರಾವತಿಯ ಮೇಸ್ತ್ರಿ ಅಪ್ಪಯ್ಯನಿಗೆ ಹಳೇ ಪರಿಚಯ. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ ಟರ್ನರ್ ಆಗಿ ಸೇರಿ ಅಲ್ಲೇ ನಿವೃತ್ತರಾದವರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1918ರಲ್ಲಿ ಶುರುವಾದ ಕಾರ್ಖಾನೆ ಅದು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು ಸೇರಿ 1923ರಲ್ಲಿ ಅಲ್ಲಿ ಕಬ್ಬಿಣ ಕರಗಿತು. ಆಮೇಲೆ ಮಿಶ್ರಲೋಹದ ಉಕ್ಕಿಗೆ ಹೆಸರಾಯಿತು. 2023ರಲ್ಲಿ ಮುಚ್ಚುವ ಮಾತು ಬಂದು ಕಾರ್ಮಿಕರು ಧರಣಿ ಕೂತಾಗ ಈ ಮೇಸ್ತ್ರಿಯೂ ಹೋಗಿ ಅವರ ಜೊತೆ ಕೂತಿದ್ದರಂತೆ. ಅದನ್ನು ಅವರು ಹೇಳಿದ್ದು ಮಧ್ಯಾಹ್ನ ಊಟಕ್ಕೆ ಕೂತಾಗ, ಒಂದೇ ವಾಕ್ಯದಲ್ಲಿ. ನಾನು ಮುಂದೆ ಕೇಳಲಿಲ್ಲ.

ಮನೆಯ ಪಕ್ಕದ ಶೆಡ್ಡಿನಲ್ಲಿ ಅವರ ಲೇತು, ಕಬ್ಬಿಣದ ಕಂಬಿಯನ್ನು ತಿರುಗಿಸಿ ಕಡೆಯುವ ಯಂತ್ರ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು. ಹಸಿರು ಬಣ್ಣ ಹೋಗಿ ಹಿಡಿಕೆಗಳೆಲ್ಲ ಕೈ ತಾಗಿ ತಾಗಿ ಹೊಳೆಯುತ್ತಿದ್ದವು. ಬೆಡ್ಡಿನ ಮೇಲೆ ಒಂದು ತುಕ್ಕಿನ ಚುಕ್ಕೆ ಇಲ್ಲ. ಹಬ್ಬನ್ನು ಬೆಂಚಿನ ಮೇಲಿಟ್ಟು, ಮುರಿದ ತುಂಡುಗಳನ್ನು ಕಾಗದದ ಮೇಲೆ ಸಾಲಾಗಿ ಇಟ್ಟೆ. ಮೇಸ್ತ್ರಿ ಕನ್ನಡಕ ಏರಿಸಿ ಮುರಿದ ಮುಖವನ್ನೇ ಬಹಳ ಹೊತ್ತು ನೋಡಿದರು.

"ಇಲ್ಲಿ ನೋಡಿ ಗೌಡ್ರೇ. ಪೂರ್ತಿ ಬೆಳ್ಳಗಿದೆ, ಸುಳಿ ಥರ ಗೆರೆ ಇದೆ. ತಿರುಚಿ ಮುರಿದಿದ್ದು. ಹಳೇ ಬಿರುಕು ಇದ್ದಿದ್ರೆ ಒಂದು ಕಡೆ ಕಪ್ಪಗೆ ತುಕ್ಕು ಕಾಣ್ತಿತ್ತು. ಬೋಲ್ಟಿಂದೇನೂ ತಪ್ಪಿಲ್ಲ."

ಮುರಿದ ಬೋಲ್ಟಿನ ತುದಿಯಲ್ಲಿ ಎಲ್ ಅಕ್ಷರ ಒತ್ತಿದ್ದು ಮಸಿ ಒರೆಸಿದ ಮೇಲೆ ಕಂಡಿತು. ಅಷ್ಟು ವರ್ಷ ಅದು ಗ್ರೀಸು, ಕೆಸರಿನ ಅಡಿಯಲ್ಲಿ ಸುಮ್ಮನೆ ಹೇಳುತ್ತಲೇ ಇತ್ತು.

ಮೂರು ಬೋಲ್ಟು ಸಾಕು ಅಂತ ನಾನಂದೆ. ಅವರು ಒಪ್ಪಲಿಲ್ಲ. "ಆ ಹುಡುಗ ಉಳಿದ ಎರಡಕ್ಕೂ ಪೈಪು ಹಾಕಿ ನೋಡಿರ್ತಾನೆ. ಮೇಲೆ ಚೆನ್ನಾಗಿ ಕಾಣ್ತದೆ, ಒಳಗೆ ಎಳೆದುಕೊಂಡಿದೆಯೋ ಇಲ್ವೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಐದೂ ಹೊಸದು ಮಾಡೋಣ." ಹಾಗೇ ಆಯಿತು.

ಪಿಚ್ ಗೇಜಿನ ಹಲ್ಲುಗಳನ್ನು ಒಂದೊಂದಾಗಿ ಹಳೇ ಥ್ರೆಡ್ಡಿನ ಮೇಲಿಟ್ಟು ಬೆಳಕಿಗೆ ಹಿಡಿದರು. ಇಪ್ಪತ್ತರ ಎಲೆ ಸಂದಿಲ್ಲದೆ ಕೂತಿತು. ಅರ್ಧ ಇಂಚು ದಪ್ಪ, ಇಂಚಿಗೆ 20 ಥ್ರೆಡ್. ಮಿಲಿಮೀಟರಿನಲ್ಲಿ ಹೇಳುವುದಾದರೆ 12.7 ದಪ್ಪ, ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ 1.27. ನೋಡಲು ಇದರ ಹತ್ತಿರ ಹತ್ತಿರ ಇರುವ ಸೈಜುಗಳಿವೆ, ಎಡವುವುದು ಅಲ್ಲೇ. ಹಳೇ ಬುಲೆಟ್ಟಿನಂಥ ಬ್ರಿಟಿಷ್ ಗಾಡಿಗಳಲ್ಲಿ ಕಾಣುವ ಅರ್ಧ ಇಂಚಿನ ಬಿಎಸ್‌ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್) ಬೋಲ್ಟಿಗೆ ಇಂಚಿಗೆ 16 ಥ್ರೆಡ್, ಅದರ ಹಲ್ಲಿನ ಕೋನವೂ 55 ಡಿಗ್ರಿ. ಅದು 1841ರಲ್ಲಿ ಇಂಗ್ಲೆಂಡಿನ ವಿಟ್‌ವರ್ತ್ ಹಾಕಿಕೊಟ್ಟ ಕೋನ. ಜೀಪು ಅಮೆರಿಕದ ಮನೆತನದ್ದು. ಅಲ್ಲಿ 1864ರಲ್ಲಿ ಸೆಲ್ಲರ್ಸ್ ಅನ್ನುವವರು ತಂದ 60 ಡಿಗ್ರಿಯೇ ರೂಢಿಯಾಯಿತು. ಎರಡನೇ ಮಹಾಯುದ್ಧದಲ್ಲಿ ಒಂದೇ ಪಕ್ಷದಲ್ಲಿದ್ದ ಎರಡು ದೇಶಗಳ ನಟ್ಟು ಬೋಲ್ಟು ಒಂದಕ್ಕೊಂದು ಕೂರದೆ ಪಟ್ಟ ಪಾಡು ಸಣ್ಣದಲ್ಲ. 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಕೂತು 60 ಡಿಗ್ರಿಗೆ ಒಪ್ಪಂದ ಮಾಡಿಕೊಂಡವು. ಮೇಸ್ತ್ರಿಗೆ ಇಸವಿಗಳು ಬೇಕಿರಲಿಲ್ಲ. ಮೀನಿನ ಬಾಲದಂತೆ ಕಚ್ಚು ಇರುವ ಸಣ್ಣ ಗೇಜು ತೆಗೆದು, "ಇದು ಅರವತ್ತು, ಇದು ಐವತ್ತೈದು. ತಪ್ಪಿದ್ರೆ ನಟ್ಟು ಹೋಗ್ತದೆ, ಆದ್ರೆ ತುದೀಲಿ ಮಾತ್ರ ಹಿಡಿದಿರ್ತದೆ" ಅಂದರು.

ಕಂಬಿ ಯಾವುದು ಅನ್ನುವುದರಲ್ಲಿ ಅವರು ಇನ್ನೂ ಕಟ್ಟುನಿಟ್ಟು. ಮೂಲೆಯಲ್ಲಿ ಎಂಎಸ್, ಅಂದರೆ ಮೆದು ಉಕ್ಕಿನ ಕಂಬಿ ರಾಶಿಯಿತ್ತು, ಅದನ್ನು ಮುಟ್ಟಲಿಲ್ಲ. ಹಲಗೆಯ ಮೇಲಿಂದ ಒಂದಿಂಚಿನ ಒಂದು ಕಂಬಿ ಇಳಿಸಿದರು. ಇಎನ್ 19 ಅನ್ನುವ ಮಿಶ್ರಲೋಹದ ಉಕ್ಕು, ಕಾಸಿ ಹದ ಮಾಡಿದ್ದು. ಚದರ ಮಿಲಿಮೀಟರಿಗೆ ಸುಮಾರು 85 ಕಿಲೋ ಎಳೆತ ತಡೆಯುವ ಉಕ್ಕು. ಎಂಎಸ್ ತಡೆಯುವುದು ಅದರ ಅರ್ಧದಷ್ಟು. ಬರೆದಿಟ್ಟಿದ್ದನ್ನೇ ನಂಬದೆ ಎರಡೂ ಕಂಬಿಯನ್ನು ಗ್ರೈಂಡರಿಗೆ ತಾಗಿಸಿ ತೋರಿಸಿದರು. ಎಂಎಸ್ಸಿನ ಕಿಡಿ ಉದ್ದ ಗೆರೆಯಾಗಿ ಹಾರಿ ಆರಿತು. ಇನ್ನೊಂದರ ಕಿಡಿ ತುದಿಯಲ್ಲಿ ಕವಲೊಡೆದು ಹೂವಾಯಿತು.

"ಇದು ಎಲ್ಲಿಂದು ಮೇಸ್ತ್ರಿಗಳೇ?" ಅಂತ ಕೇಳಿದೆ.

"ನಮ್ಮ ಫ್ಯಾಕ್ಟರೀದೇ" ಅಂದರು. ದನಿ ಬದಲಾಗಲಿಲ್ಲ, ಆದರೆ ಕಂಬಿಯನ್ನು ಬಟ್ಟೆಯಿಂದ ಒರೆಸಿದ ರೀತಿಯಲ್ಲಿ ಒಂದು ಮಾತಿತ್ತು.

ಲೇತಿನ ತಲೆಯ ಪಕ್ಕದ ಬಾಗಿಲು ತೆಗೆದರು. ಒಳಗೆ ಗೇರುಗಳು. ಅದರ ಲೀಡ್ ಸ್ಕ್ರೂ, ಅಂದರೆ ಕತ್ತರಿಸುವ ಟೂಲನ್ನು ಉದ್ದಕ್ಕೆ ಸರಿಸುವ ತಿರುಪು, ಇಂಚಿಗೆ ನಾಲ್ಕು ಸುತ್ತಿನದು. ನಮಗೆ ಬೇಕಾದ್ದು ಇಂಚಿಗೆ ಇಪ್ಪತ್ತು. ಅಂದರೆ ಬೋಲ್ಟು ಐದು ಸುತ್ತು ತಿರುಗುವಷ್ಟರಲ್ಲಿ ಲೀಡ್ ಸ್ಕ್ರೂ ಒಂದೇ ಸುತ್ತು ತಿರುಗಬೇಕು. ಬಾಗಿಲ ಒಳಮೈ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕರ ಕೆಳಗೆ ಇಪ್ಪತ್ತು ಬರೆದು, ಎರಡನ್ನೂ ಐದರಿಂದ ಗುಣಿಸಿ, ಇಪ್ಪತ್ತು ಹಲ್ಲಿನ ಗೇರು ಮೇಲೆ, ನೂರು ಹಲ್ಲಿನದು ಕೆಳಗೆ ಹಾಕಿದರು. ನಡುವೆ ಕೊಂಡಿಯಾಗಿ ಇನ್ನೊಂದು. ಕಾಗದದ ತುಂಡು ಸಿಕ್ಕಿಸಿ ಹಲ್ಲುಗಳ ನಡುವಿನ ಸಂದು ಸರಿಮಾಡಿದರು. ಆಮೇಲೆ ಟಂಬ್ಲರ್ ಹಿಡಿಕೆಯನ್ನು ದಿನನಿತ್ಯದ ಜಾಗದಿಂದ ಎತ್ತಿ ಇನ್ನೊಂದು ಕಡೆಗೆ ಹಾಕಿದರು. ಎಡಗೈ ಥ್ರೆಡ್ಡಿಗೆ ಬೇಕಾದ ಮುಖ್ಯ ಬದಲಾವಣೆ ಅದೇ. ಕಂಬಿ ಹಿಡಿದುಕೊಂಡಿರುವ ಚಕ್ ತಿರುಗುವ ದಿಕ್ಕು ಬದಲಾಗುವುದಿಲ್ಲ, ಲೀಡ್ ಸ್ಕ್ರೂ ಮಾತ್ರ ಹಿಂದುಮುಂದಾಗಿ ತಿರುಗುತ್ತದೆ. ಸಾಮಾನ್ಯ ಥ್ರೆಡ್ ಹಾಕುವಾಗ ಟೂಲು ಬೋಲ್ಟಿನ ತುದಿಯಿಂದ ಚಕ್ಕಿನ ಕಡೆಗೆ ಬರುತ್ತದೆ. ಇಲ್ಲಿ ಚಕ್ಕಿನ ಹತ್ತಿರ ಶುರುವಾಗಿ ತುದಿಯ ಕಡೆಗೆ ದೂರ ಹೋಗುತ್ತದೆ.

ನನಗೆ ಆಗ ಹೊಳೆದ ತೊಂದರೆಯನ್ನು ಕೇಳಿದೆ. ತುದಿಯಿಂದ ಶುರು ಮಾಡಿದರೆ ಟೂಲು ಗಾಳಿಯಲ್ಲಿದ್ದು ಮೆಲ್ಲಗೆ ಕಂಬಿಗೆ ತಾಗಬಹುದು. ಬುಡದಿಂದ ಶುರು ಮಾಡುವಾಗ ಟೂಲು ಎಲ್ಲಿ ನಿಲ್ಲಬೇಕು? ಮೇಸ್ತ್ರಿ ನಕ್ಕರು. "ಅದಕ್ಕೆ ಅಂತಲೇ ಒಂದು ಮನೆ ಮಾಡಬೇಕು."

ಕಂಬಿ ಚಕ್ಕಿಗೆ ಹಾಕಿ, ಫೇಸಿಂಗ್ ಮಾಡಿ, ಒಂದಿಂಚನ್ನು ಅರ್ಧ ಇಂಚಿಗೆ ಇಳಿಸುವ ಕೆಲಸ ಮೊದಲು ನಡೆಯಿತು. ಅದನ್ನು ಹೆಚ್ಚು ಹೇಳುವುದಿಲ್ಲ. ನೀಲಿ ಸುರುಳಿ ಬಿಸಿಬಿಸಿಯಾಗಿ ಬಿದ್ದು ಬಿದ್ದು ತಟ್ಟೆ ತುಂಬಿತು. ಹಿಂದೆ ಬೋಲ್ಟಿನ ತಲೆಗೆ ಬೇಕಾದಷ್ಟು ದಪ್ಪ ಉಳಿಸಿದರು. ಅದರ ಮುಂದೆ ಹಬ್ಬಿನ ತೂತಿನಲ್ಲಿ ಕಚ್ಚಿ ಕೂರುವ ಕೊರಳು. ಕೊರಳಿಗೂ ಥ್ರೆಡ್ಡಿಗೂ ನಡುವೆ ಸುತ್ತಲೂ ಒಂದು ಸಣ್ಣ ಕಾಲುವೆ. ಅದೇ ಟೂಲಿನ ಮನೆ.

ಆ ಕಾಲುವೆ ತೆಗೆಯಲು ಟೂಲು ಮಸೆಯುವುದಕ್ಕೆ ಅವರು ತೆಗೆದುಕೊಂಡ ಸಮಯ ನೋಡಿ ನನಗೆ ಸ್ವಲ್ಪ ಅವಸರ ಆಗಿತ್ತು. ಎಚ್‌ಎಸ್‌ಎಸ್ ಅನ್ನುವ ಗಟ್ಟಿ ಉಕ್ಕಿನ ತುಂಡನ್ನು ಗ್ರೈಂಡರಿಗೆ ಹಿಡಿದು, ನೀರಿಗದ್ದಿ, ಸಾಣೆಕಲ್ಲಿನ ಮೇಲೆ ಉಜ್ಜಿ, ಮತ್ತೆ ಕಣ್ಣ ಹತ್ತಿರ ಹಿಡಿದು, ಅದರ ಎರಡೂ ಮೂಲೆಗಳನ್ನು ಗುಂಡಗೆ ಮಾಡಿದರು. "ಚೌಕ ಮೂಲೆ ಬಿಟ್ರೆ ಮುಂದಿನ ಸಲ ಅಲ್ಲೇ ಮುರೀತದೆ. ನಿಮ್ಮದೂ ಅಲ್ಲೇ ಮುರಿದಿದ್ದು" ಅಂದರು. ಮುರಿದ ತುಂಡನ್ನು ಮತ್ತೆ ಕೈಗೆ ತೆಗೆದುಕೊಂಡು ನೋಡಿದೆ. ಥ್ರೆಡ್ ಶುರುವಾಗುವ ಜಾಗದಲ್ಲೇ, ಒಂದು ಕೂದಲಿನಷ್ಟೂ ಆಚೀಚೆ ಇಲ್ಲದೆ ಮುರಿದಿತ್ತು. ಎರಡೂ ಹಾಗೆಯೇ.

ಥ್ರೆಡ್ ಹಾಕುವ ಟೂಲು ಇನ್ನೂ ಸೂಕ್ಷ್ಮ. 60 ಡಿಗ್ರಿಯ ಮೂತಿ, ಅದನ್ನು ಮೀನುಬಾಲದ ಗೇಜಿನಲ್ಲಿಟ್ಟು ಬಿಳಿ ಕಾಗದದ ಮುಂದೆ ಹಿಡಿದು ಬೆಳಕು ಸೋರುತ್ತದಾ ಅಂತ ನೋಡಬೇಕು. ಈ ಸೈಜಿನಲ್ಲಿ ಥ್ರೆಡ್ಡಿನ ಓರೆ ಸುಮಾರು ಎರಡು ಡಿಗ್ರಿ. ಬಲಗೈಯಲ್ಲಿ ಒಂದು ಕಡೆಗೆ ವಾಲಿರುವುದು ಎಡಗೈಯಲ್ಲಿ ಇನ್ನೊಂದು ಕಡೆಗೆ ವಾಲುತ್ತದೆ. ಹಾಗಾಗಿ ಟೂಲಿನ ಬಲ ಪಕ್ಕವನ್ನು ಹೆಚ್ಚು ಸವೆಸಬೇಕು, ಇಲ್ಲದಿದ್ದರೆ ಕತ್ತರಿಸುವ ಬದಲು ಉಜ್ಜುತ್ತದೆ. ಅವರ ಡಬ್ಬಿಯಲ್ಲಿ ಮಸೆದಿಟ್ಟ ಥ್ರೆಡ್ ಟೂಲು ಹತ್ತಾರು ಇದ್ದವು. ಎಲ್ಲ ಬಲಗೈಯವು. ಎಡಗೈಯದು ಅವತ್ತು ಹೊಸದಾಗಿ ಮಸೆದಿದ್ದು.

ನಡುವೆ ಒಮ್ಮೆ ನನ್ನನ್ನು ಕರೆದು ಗ್ಯಾಸ್ ವೆಲ್ಡಿಂಗಿನ ಸಿಲಿಂಡರುಗಳ ಹತ್ತಿರ ನಿಲ್ಲಿಸಿದರು. "ಆಕ್ಸಿಜನ್ ನಟ್ಟು ನೋಡಿ, ನುಣ್ಣಗಿದೆ. ಇದು ಡಿಎ, ಅಸಿಟಿಲಿನ್ ಗ್ಯಾಸು, ಇದರ ನಟ್ಟಿನ ಮೂಲೇಲಿ ಕಚ್ಚು ಇದೆ ನೋಡಿ. ಕಚ್ಚು ಇದ್ರೆ ಎಡಗೈ ಅಂತ. ಕತ್ತಲಲ್ಲಿ ಕೈಯಾಡಿಸಿದ್ರೂ ಗೊತ್ತಾಗಬೇಕು, ಒಂದರ ಪೈಪು ಇನ್ನೊಂದಕ್ಕೆ ಕೂರಲೇಬಾರದು." ಉರಿಯುವ ಗ್ಯಾಸಿಗೆ ಎಡಗೈ ಥ್ರೆಡ್ ಅನ್ನುವುದನ್ನು ನಾನು ಅದುವರೆಗೆ ಗಮನಿಸಿರಲಿಲ್ಲ. ಸೈಕಲ್ಲಿನ ಎಡ ಪೆಡಲ್ ಗೊತ್ತಿತ್ತು. ಜೀಪಿನದೂ ಅದೇ ಲೆಕ್ಕ. ಗಾಡಿ ಮುಂದೆ ಹೋಗುವಾಗ ಎಡ ಚಕ್ರವನ್ನು ಹೊರಗೆ ನಿಂತು ನೋಡಿದರೆ ಅದು ಎಡಕ್ಕೆ ಉರುಳುತ್ತದೆ. ಭಾರ ಪ್ರತಿ ಸುತ್ತಿಗೂ ಬೇರೆ ಬೇರೆ ಬೋಲ್ಟಿನ ಮೇಲೆ ಬೀಳುತ್ತಾ ಹೋಗುವಾಗ, ಸ್ವಲ್ಪ ಸಡಿಲ ಇರುವ ನಟ್ಟು ಚಕ್ರ ಉರುಳುವ ಕಡೆಗೇ ಕೂದಲೆಳೆಯಷ್ಟು ತೆವಳುತ್ತದೆ. ಬಲಗೈ ನಟ್ಟಾದರೆ ಅದು ಬಿಚ್ಚುವ ದಿಕ್ಕು. ಎಡಗೈ ನಟ್ಟಾದರೆ ಬಿಗಿಯಾಗುವ ದಿಕ್ಕು. ಆ ಜೀಪನ್ನು ರೂಪಿಸಿದವರು ಸಡಿಲ ಬಿಟ್ಟವನನ್ನೂ ಕಾಯಲು ನೋಡಿದ್ದರು.

ಥ್ರೆಡ್ ಶುರುವಾದಾಗ ಹನ್ನೆರಡೂವರೆ. ಬ್ಯಾಕ್ ಗೇರ್ ಹಾಕಿ ಚಕ್ಕನ್ನು ನಿಧಾನ ಮಾಡಿದರು. ಎಷ್ಟು ನಿಧಾನ ಅಂದರೆ ಚಕ್ಕಿನ ದವಡೆಗಳನ್ನು ಎಣಿಸಬಹುದಿತ್ತು. ಟೂಲನ್ನು ಕಾಲುವೆಯೊಳಗೆ ಇಟ್ಟರು. ಬ್ರಷ್ಷಿನಲ್ಲಿ ಎಣ್ಣೆ ಸವರಿದರು. ಟೂಲನ್ನು ಲೀಡ್ ಸ್ಕ್ರೂಗೆ ಸೇರಿಸುವ ಹಾಫ್ ನಟ್ ಒತ್ತಿದಾಗ 'ಕ್ಲಕ್' ಅಂದಿತು. ಟೂಲು ಕಾಲುವೆಯಿಂದ ಹೊರಬಂದು ಕಂಬಿಯ ಮೇಲೆ ಕೂದಲಿನಂಥ ಒಂದು ಗೆರೆ ಬರೆಯುತ್ತಾ ನಮ್ಮಿಂದ ದೂರಕ್ಕೆ, ಬಲಕ್ಕೆ, ಸುತ್ತಿಕೊಳ್ಳುತ್ತಾ ಹೋಯಿತು. ತುದಿಯಲ್ಲಿ ಕಂಬಿಯನ್ನು ಸ್ವಲ್ಪ ಉದ್ದ ಬಿಟ್ಟು ಸಣ್ಣಗೆ ತೆಗೆದಿದ್ದರು. ಅದಕ್ಕೆ ಸೆಂಟರ್ ಕೊಟ್ಟು ಹಿಡಿದಿತ್ತು. ಟೂಲು ಅಲ್ಲಿಗೆ ಬಂದಾಗ ತಾನಾಗಿ ಗಾಳಿಗೆ ಬಿತ್ತು. ಲೇತು ನಿಲ್ಲಿಸಿ ಸ್ಕೇಲ್ ಇಟ್ಟು ಗೆರೆ ಎಣಿಸಿದೆವು. ನಾನೂ ಎಣಿಸಿದೆ, ಅವರೂ ಎಣಿಸಿದರು. ಇಂಚಿಗೆ ಇಪ್ಪತ್ತು.

ಈ ಥ್ರೆಡ್ಡಿನ ಆಳ 31 ಥೌ. ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು. ಎಂಟು, ಆರು, ಐದು, ನಾಲ್ಕು, ಮೂರು ಅಂತ ಇಳಿಸುತ್ತಾ ಬಂದು ಕೊನೆಗೆ ಒಂದೊಂದೇ ಥೌ. ಪ್ರತಿ ಸಲವೂ ಟೂಲನ್ನು ಹಿಂದೆಳೆದು, ಹಾಫ್ ನಟ್ ಬಿಚ್ಚಿ, ಕ್ಯಾರೇಜನ್ನು ಕೈಯಿಂದ ಎಡಕ್ಕೆ ತಳ್ಳಿ ಕಾಲುವೆಯ ನೇರಕ್ಕೆ ತಂದು ಮತ್ತೆ ಒತ್ತಬೇಕು. ತಪ್ಪಾದ ಗಳಿಗೆಯಲ್ಲಿ ಒತ್ತಿದರೆ ಹಳೇ ಗೆರೆಯ ಮೇಲೆ ಹೊಸ ಗೆರೆ ಬಿದ್ದು ಎಲ್ಲ ಹಾಳು. ಯಾವಾಗ ಒತ್ತಬೇಕು ಅಂತ ತೋರಿಸುವ ಡಯಲಿನ ಅಂಕಿ ನೋಡಿ ಹೇಳಲಾ ಅಂದೆ. ಬೇಡ ಅಂದರು. ಇಪ್ಪತ್ತು ನಾಲ್ಕರಿಂದ ಸರಿಯಾಗಿ ಭಾಗ ಆಗುತ್ತದೆ, ಲೀಡ್ ಸ್ಕ್ರೂ ಎಲ್ಲಿ ಸಿಕ್ಕಿದರೂ ಟೂಲು ಅದೇ ಸಾಲಿಗೇ ಬೀಳುತ್ತದೆ. "ಹದಿಮೂರು ಥ್ರೆಡ್ ಆಗಿದ್ರೆ ನಿಮ್ಮನ್ನ ಡಯಲ್ ಕಾಯೋಕೆ ಕೂರಿಸ್ತಿದ್ದೆ."

ಮೊದಲ ಬೋಲ್ಟು ಕೆಟ್ಟಿತು. 29 ಥೌ ಆದಾಗ ನಟ್ಟು ಹಾಕಿ ನೋಡಿದರು, ಮೂರು ಸುತ್ತು ಹೋಗಿ ನಿಂತಿತು. ಇನ್ನೆರಡು ಥೌ ಕೊಟ್ಟರು, ಇನ್ನೂ ಬಿಗಿ. ಮತ್ತೆ ಒಂದು ಕೊಟ್ಟು, ಅದರ ಮೇಲೆ ಏನೂ ಕೊಡದೆ ಸುಮ್ಮನೆ ಇನ್ನೊಂದು ಸಲ ಟೂಲು ಓಡಿಸಿದರು. ಉಕ್ಕು ಗಟ್ಟಿ, ಕಂಬಿ ಸಣ್ಣ. ಹಿಂದಿನ ಸಲಗಳಲ್ಲಿ ಕಂಬಿ ಬಾಗಿ ತಪ್ಪಿಸಿಕೊಂಡಿದ್ದೆಲ್ಲ ಆ ಒಂದು ಓಟದಲ್ಲಿ ಕತ್ತರಿಸಿ ಬಂತು. ನಟ್ಟು ಬೆರಳಿನಲ್ಲೇ ಸರ್ರನೆ ಬುಡದವರೆಗೂ ಹೋಯಿತು. ನನಗೆ ಖುಷಿಯಾಯಿತು. ಮೇಸ್ತ್ರಿ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಆಚೀಚೆ ಆಡಿಸಿದರು. ಅಲ್ಲಾಡಿತು. ನನ್ನ ಕಣ್ಣಿಗೆ ಕಾಣದಷ್ಟು, ಕೈಗೆ ಮಾತ್ರ ತಿಳಿಯುವಷ್ಟು.

"ಬೇಡ" ಅಂದರು.

"ಬಿಗಿ ಮಾಡಿದ್ರೆ ಕೂರ್ತದಲ್ಲ ಮೇಸ್ತ್ರಿಗಳೇ?"

"ಗೇಟಿಗೆ, ಪಂಪಿಗೆ ಆಗಿದ್ರೆ ಕೊಡ್ತಿದ್ದೆ. ಇದರ ಮೇಲೆ ಮನುಷ್ಯರು ಕೂರ್ತಾರೆ."

ಎರಡು ಗಂಟೆಯ ಕೆಲಸ. ಅದನ್ನು ಕತ್ತರಿಸಿ ಬೆಂಚಿನ ಮೂಲೆಗಿಟ್ಟು, ಊಟಕ್ಕೆ ಬನ್ನಿ ಅಂದರು. ಅವರ ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು. ಊಟ ಆದ ಮೇಲೆ ಅವರು ಟೂಲಿನ ಮೂತಿಯನ್ನು ಕಲ್ಲಿನ ಮೇಲೆ ಮತ್ತೊಮ್ಮೆ ಚೂಪು ಮಾಡಿದರು. ಈ ಸಲ ಪ್ರತಿ ಮೂರು ಓಟಕ್ಕೊಮ್ಮೆ ಏನೂ ಕೊಡದ ಒಂದು ಓಟ. ಕೊನೆಯ ಎರಡು ಥೌ ಬಂದಾಗ ಶೆಡ್ಡಿನಲ್ಲಿ ಇಬ್ಬರೂ ಉಸಿರು ಬಿಡದಂತೆ ನಿಂತಿದ್ದೆವು. ನಟ್ಟು ಹಾಕಿದರು. ಎಣ್ಣೆಯ ತೆಳು ಪದರ ಹಿಡಿದುಕೊಂಡು, ಬೆರಳಿನ ಸಣ್ಣ ಒತ್ತಿಗೆ ಮಾತ್ರ ಮಣಿಯುತ್ತಾ, ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುತ್ತಾ ಎಡಕ್ಕೆ ತಿರುಗಿಕೊಂಡು ಒಳಗೆ ಹೋಯಿತು. ಅಲ್ಲಾಡಿಸಿದರು. ಅಲ್ಲಾಡಲಿಲ್ಲ. ನನ್ನ ಕೈಗೆ ಕೊಟ್ಟರು. ಬೋಲ್ಟು ಇನ್ನೂ ಬೆಚ್ಚಗಿತ್ತು.

ಒಂದು ಸರಿಹೋದ ಮೇಲೆ ಉಳಿದ ನಾಲ್ಕು ಬೇಗ ಬಂದವು. ಪ್ರತಿ ಓಟಕ್ಕೂ ಎಷ್ಟು ಆಳ ಕೊಟ್ಟಿದ್ದು ಅನ್ನುವ ಅಂಕಿಗಳನ್ನೆಲ್ಲ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಂಡಿದ್ದರು, ಅದನ್ನೇ ನೋಡಿ ಹೋದರು. ಕೊರಳಿನ ಮೇಲೆ ಉದ್ದುದ್ದ ಗೆರೆಯ ನರ್ಲಿಂಗ್ ಒತ್ತಿ, ಅದನ್ನು ಹಬ್ಬಿನ ತೂತಿಗಿಂತ ನಾಲ್ಕು ಥೌ ದಪ್ಪಕ್ಕೆ ಬಿಟ್ಟರು. ಸೀಳಿ ತೆಗೆದ ನಟ್ಟಿಗೆ ಬದಲಿಯಾಗಿ ಒಂದು ಹೊಸದನ್ನೂ ಮಾಡಿಕೊಟ್ಟರು. ಪಕ್ಕದ ಗ್ಯಾರೇಜಿನ ಪ್ರೆಸ್ಸಿನಲ್ಲಿ ಹಳೇ ಬೋಲ್ಟಿನ ತುಂಡುಗಳನ್ನು ಹೊರಗೆ ತಳ್ಳಿ ಹೊಸವನ್ನು ಒತ್ತಿದೆವು. ಒಂದೊಂದೂ ಒಳಗೆ ಹೋಗುವಾಗ ಕಿರ್ ಅಂತ ಸದ್ದು ಮಾಡಿ ತಲೆ ಫ್ಲಾಂಜಿಗೆ ಅಂಟಿಕೊಂಡಿತು.

ಹೊರಡುವ ಮುಂಚೆ ಮೇಸ್ತ್ರಿ ಅಕ್ಷರದ ಪಂಚಿನ ಡಬ್ಬಿ ತಂದರು. ಐದೂ ಬೋಲ್ಟಿನ ತುದಿಗೆ ಸುತ್ತಿಗೆಯಲ್ಲಿ ಒಂದೊಂದೇ ಏಟು ಕೊಟ್ಟು ಎಲ್ ಅಕ್ಷರ ಒತ್ತಿದರು. ನಾನು ಅದನ್ನು ಕೇಳಿರಲಿಲ್ಲ, ನನಗೆ ಹೊಳೆದೂ ಇರಲಿಲ್ಲ. ಆರನೆಯದು, ಕೆಟ್ಟಿದ್ದು, ಬೆಂಚಿನ ಮೇಲಿತ್ತು. ಅದನ್ನು ಕೊಡ್ತೀರಾ ಅಂತ ಕೇಳಿದೆ. ಕೊಡುವ ಮುಂಚೆ ಅದರ ಥ್ರೆಡ್ಡನ್ನು ಗ್ರೈಂಡರಿಗೆ ಹಿಡಿದು ಒಂದು ಕಡೆ ಪೂರ್ತಿ ಸವೆಸಿದರು, ಯಾರೂ ಅದನ್ನು ಯಾವ ಗಾಡಿಗೂ ಹಾಕದಂತೆ. 1,800 ರೂಪಾಯಿ ತೆಗೆದುಕೊಂಡರು. ಇಡೀ ದಿನದ ಕೂಲಿ, ಕಂಬಿ ಎಲ್ಲ ಸೇರಿ. ಹೆಚ್ಚು ಕೊಡಲು ಹೋದಾಗ ನನ್ನ ಕೈಯನ್ನು ಹಾಗೇ ಮಡಚಿ, "ಅಪ್ಪನವರಿಗೆ ನಮಸ್ಕಾರ ಹೇಳಿ" ಅಂದರು.

ಮಾರನೇ ದಿನ ಬೆಳಿಗ್ಗೆ ಪಂಕ್ಚರ್ ಅಂಗಡಿಯ ಮುಂದೆಯೇ ಹಬ್ಬು ಕೂರಿಸಿದೆವು. ಹುಡುಗನನ್ನು ಅಪ್ಪಯ್ಯ ಹತ್ತಿರ ಕರೆದರು. ಅವನು ಹೆದರಿಕೊಂಡೇ ಬಂದ. ಬೋಲ್ಟಿನ ತುದಿಯ ಅಕ್ಷರ ತೋರಿಸಿ, ಒಂದು ನಟ್ಟನ್ನು ಅವನ ಅಂಗೈಯಲ್ಲಿಟ್ಟು, "ಹಾಕು ನೋಡಾಣ ಮಾರಾಯ, ಬರೀ ಬೆರಳಲ್ಲಿ" ಅಂದರು. ಅವನು ಅಭ್ಯಾಸಬಲದಿಂದ ಬಲಕ್ಕೆ ತಿರುಗಿಸಿದ, ನಟ್ಟು ಹಿಡಿಯಲಿಲ್ಲ. ಒಂದು ಗಳಿಗೆ ನಿಂತ. ಆಮೇಲೆ ಎಡಕ್ಕೆ ತಿರುಗಿಸಿದ. ಅದು ಅವನ ಬೆರಳಲ್ಲೇ ಬುಡದವರೆಗೂ ಹೋದಾಗ ಅವನ ಮುಖ ನೋಡಬೇಕಿತ್ತು. ಉಳಿದ ನಾಲ್ಕನ್ನೂ ತಾನೇ ಹಾಕುತ್ತೇನೆ ಅಂದ. ಒಂದು ಬಿಟ್ಟು ಒಂದರಂತೆ ನಕ್ಷತ್ರದ ಲೆಕ್ಕದಲ್ಲಿ ಬಿಗಿ ಮಾಡಿಸಿದೆವು, ಪೈಪು ಇಲ್ಲದೆ, ಪಾನಾ ಒಂದರಲ್ಲೇ. ಅವನೇ ಬಿಳಿ ಪೇಂಟು ತಂದು ಮಡ್‌ಗಾರ್ಡಿನ ಒಳಗೆ 'ಎಡ' ಅಂತ ಬರೆದು ಒಂದು ಬಾಣ ಹಾಕಿದ. ಹಿಂದಿನ ಚಕ್ರಕ್ಕೂ ಹಾಕಿದ.

ಹೊಸ ಬೋಲ್ಟು ಸ್ವಲ್ಪ ಓಡಿದ ಮೇಲೆ ಮತ್ತೆ ಬಿಗಿ ನೋಡಲೇಬೇಕು ಅಂತ ಮೇಸ್ತ್ರಿ ಎರಡೆರಡು ಸಲ ಹೇಳಿದ್ದರು. ಅಪ್ಪಯ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಗುಂಬೆ ದಾರಿಯಲ್ಲಿ ಮೇಗರವಳ್ಳಿವರೆಗೆ ಹೋದೆ. ರಸ್ತೆ ಬದಿಯಲ್ಲಿ ನಿಲ್ಲಿಸಿ, ಇಳಿದು, ಪಾನಾ ಕೂರಿಸಿ ಒಂದು ಗಳಿಗೆ ನಿಂತೆ. ಎಡಕ್ಕೆ ಒತ್ತಿದೆ. ಒಂದು ನಟ್ಟು ಬೆರಳಗಲದಷ್ಟು ಬಂತು. ಉಳಿದ ನಾಲ್ಕು ಮಿಸುಕಲಿಲ್ಲ. ಅಪ್ಪಯ್ಯ ಸೀಟಿನಿಂದಲೇ ಬಗ್ಗಿ ನೋಡುತ್ತಾ, "ಎಷ್ಟು ಬಂತು?" ಅಂತ ಕೇಳಿದರು.